ಚೌಕ ಹಾಕಲು ಹೋದರೆ ತ್ರಿಕೋನ ಆಗುತ್ತಿದೆ: ಕ್ರೋಶಾ ಕಲಿತವರು ನಿಮ್ಮ ಅನುಭವ ಹೇಳಿ

ದಾವಣಗೆರೆಯಿಂದ, ಕೇಳಿದವರು

ನನಗೆ 34 ವರ್ಷ. ನಮ್ಮಮ್ಮ ಬಾಗಿಲ ತೋರಣ, ಮೇಜಿನ ಹೊದಿಕೆ, ಟಿವಿ ಕವರ್ ಎಲ್ಲ ಕ್ರೋಶಾದಲ್ಲೇ, ಅಂದರೆ ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕಡ್ಡಿಯಿಂದ ದಾರ ಹೆಣೆದು ಹಾಕುತ್ತಿದ್ದರು. ಅವರಿದ್ದಾಗ ನಾನು ಪಕ್ಕದಲ್ಲಿ ಕೂತು ಕಲಿಯಲಿಲ್ಲ. ಈಗ ಅವರ ಕಡ್ಡಿಗಳ ಡಬ್ಬಿ ನನ್ನ ಹತ್ತಿರ ಇದೆ. ಎರಡು ತಿಂಗಳಿಂದ ವಿಡಿಯೋ ನೋಡಿಕೊಂಡು ಕಲಿಯುತ್ತಿದ್ದೇನೆ. ಮನೆಯಲ್ಲಿದ್ದ ಕಪ್ಪು ಉಲ್ಲನ್, ಅಮ್ಮನ ಸ್ಟೀಲ್ ಕಡ್ಡಿ. ಮೊದಲ ಚೈನ್, ಅಂದರೆ ಕುಣಿಕೆಯೊಳಗೆ ಕುಣಿಕೆ ಎಳೆದು ಮಾಡುವ ಸರಪಳಿ, ಅದರೊಳಗೆ ಕಡ್ಡಿ ತೂರುವುದೇ ಇಲ್ಲ. ಚೌಕ ಹಾಕೋಣ ಅಂತ ಶುರು ಮಾಡಿದರೆ ಸಾಲಿನಿಂದ ಸಾಲಿಗೆ ಕಿರಿದಾಗಿ ತ್ರಿಕೋನ ಆಗುತ್ತದೆ. ಅರ್ಧ ಗಂಟೆಗೆಲ್ಲ ಬೆರಳು ನೋಯುತ್ತದೆ. ನೀವೆಲ್ಲ ಹೇಗೆ ಕಲಿತಿರಿ? ಮೊದಲು ಏನು ಹಾಕಿದಿರಿ?

ಶಿವಮೊಗ್ಗದಿಂದ

ನೋಡಮ್ಮ, ನಾನು ಹೈಸ್ಕೂಲಿನಲ್ಲಿದ್ದಾಗ ಕಡ್ಡಿ ಹಿಡಿದೆ. ಈಗ 61 ವರ್ಷ. ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ. ಕಡ್ಡಿಗೂ ದಾರಕ್ಕೂ ಜೋಡಿ ಕೂಡಿಲ್ಲ, ಅಷ್ಟೇ. ಅಮ್ಮನ ಸ್ಟೀಲ್ ಕಡ್ಡಿಗಳು ತೆಳು ಹತ್ತಿ ದಾರಕ್ಕೆ ಮಾಡಿದವು. ಒಂದು ಮಿಲಿಮೀಟರ್ ಆಸುಪಾಸು ಇರುತ್ತವೆ. ಅದರಲ್ಲಿ ಉಲ್ಲನ್ ಹಾಕಿದರೆ ಕೊಕ್ಕೆಗೆ ದಾರ ಪೂರ್ತಿ ಸಿಗುವುದಿಲ್ಲ, ಎಳೆ ಸೀಳುತ್ತದೆ. ಅದು ಜಾರದಿರಲಿ ಅಂತ ನೀನು ಇನ್ನೂ ಬಿಗಿ ಹಿಡಿಯುತ್ತೀಯ. ಬೆರಳು ನೋಯದೆ ಇನ್ನೇನಾಗುತ್ತದೆ?

ಆ ಡಬ್ಬಿಯನ್ನು ಜೋಪಾನವಾಗಿ ಎತ್ತಿಡು. ಮುಂದೆ ಬೇಕಾಗುತ್ತದೆ. ಈಗ 4 ಅಥವಾ 4.5 ಮಿಲಿಮೀಟರಿನ ಅಲ್ಯೂಮಿನಿಯಂ ಕಡ್ಡಿ ಒಂದು ತಗೋ. ಕಡ್ಡಿಯ ಮೇಲೆ ನಂಬರ್ ಕೆತ್ತಿರುತ್ತದೆ. ಮಧ್ಯಮ ದಪ್ಪದ, ನಯವಾದ, ತಿಳಿ ಬಣ್ಣದ ಅಕ್ರಿಲಿಕ್ ಉಲ್ಲನ್ ಒಂದು ಉಂಡೆ ಸಾಕು. ಕಪ್ಪು ಬೇಡ, ರೋಮ ರೋಮ ಇರುವುದೂ ಬೇಡ. ಇಷ್ಟು ವರ್ಷ ಹಾಕಿದ ನನಗೇ ರಾತ್ರಿ ದೀಪದಲ್ಲಿ ಕಪ್ಪು ದಾರದ ಕುಣಿಕೆ ಕಾಣುವುದಿಲ್ಲ. ಮೊದಲ ಚೈನ್ ಆಗಲೂ ಬಿಗಿಯಾದರೆ ಅದೊಂದಕ್ಕೆ 5ರ ಕಡ್ಡಿ ಬಳಸಿ, ಆಮೇಲೆ 4ಕ್ಕೆ ಬಾ.

ಇನ್ನು ತ್ರಿಕೋನದ ವಿಷಯ. ಸಾಲು ಕಿರಿದಾಗುತ್ತಿದೆ ಎಂದರೆ ಪ್ರತಿ ಸಾಲಿನ ತುದಿಯಲ್ಲಿ ಒಂದು ಸ್ಟಿಚ್ ಬಿಟ್ಟುಹೋಗುತ್ತಿದೆ. ಕೊನೆಯದು ಯಾವಾಗಲೂ ಪಕ್ಕಕ್ಕೆ ಹೊರಳಿ ಅಡಗಿ ಕೂತಿರುತ್ತದೆ. ನಮ್ಮ ಸೋದರತ್ತೆ ನನಗೆ ಮಾಡಿಸಿದ್ದನ್ನೇ ನಿನಗೂ ಹೇಳುತ್ತೇನೆ. 16 ಚೈನ್ ಹಾಕು. ಕಡ್ಡಿಯಿಂದ ಎರಡನೇ ಚೈನಿನಲ್ಲಿ ಶುರು ಮಾಡಿದರೆ 15 ಸಿಂಗಲ್, ಅಂದರೆ ಗಿಡ್ಡ ಸ್ಟಿಚ್, ಬರುತ್ತದೆ. ತಿರುಗಿಸಿ ಒಂದು ಚೈನ್, ಅದು ಲೆಕ್ಕಕ್ಕಿಲ್ಲ. ಮತ್ತೆ 15. ಪ್ರತಿ ಸಾಲಿನ ಮೊದಲ ಸ್ಟಿಚ್ಚಿಗೆ ಒಂದು ಪಿನ್ನು ಸಿಕ್ಕಿಸು. ಮುಂದಿನ ಸಾಲಿನಲ್ಲಿ ವಾಪಸು ಬಂದಾಗ ಆ ಪಿನ್ನು ಇರುವ ಜಾಗವೇ ಕೊನೆಯದು. ಅದರಲ್ಲಿ ಹಾಕದೆ ತಿರುಗಬೇಡ.

ಸೋದರತ್ತೆ ಬರೀ ಎಣಿಸು ಅನ್ನಲಿಲ್ಲ, ನೋಡು ಅಂದರು. ಹಾಕಿದ್ದನ್ನು ಮೇಲಿನಿಂದ ನೋಡಿದರೆ ಜಡೆ ಹೆಣೆದ ಹಾಗೆ ಕಾಣುತ್ತದೆ ಅಲ್ವಾ? ಇಂಗ್ಲಿಷಿನ ವಿ ಅಕ್ಷರ ಒಂದರ ಬಾಲಕ್ಕೆ ಒಂದು ಮಲಗಿದ ಹಾಗೆ. ಒಂದು ವಿ ಎಂದರೆ ಒಂದು ಸ್ಟಿಚ್. ಕಡ್ಡಿಯ ಮೇಲಿರುವ ಕುಣಿಕೆಯನ್ನು ಎಣಿಸಬಾರದು. ಒಂದು ವಾರ ಬೇರೆ ಏನೂ ಬೇಡ, ಈ ಚೌಕವನ್ನೇ ಹಾಕು, ಬಿಚ್ಚು, ಮತ್ತೆ ಹಾಕು. ಬಿಚ್ಚಲು ಭಯ ಪಡಬೇಡ. ಎರಡು ಕಡ್ಡಿಯ ನಿಟ್ಟಿಂಗ್‌ನಲ್ಲಿ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲಿರುತ್ತವೆ, ಒಂದು ಜಾರಿದರೆ ಕೆಳಗಿನವರೆಗೂ ಬಿಚ್ಚಿಕೊಂಡು ಹೋಗಬಹುದು. ಇಲ್ಲಿ ಸಾಮಾನ್ಯವಾಗಿ ತೆರೆದಿರುವುದು ಒಂದೇ ಕುಣಿಕೆ. ತಪ್ಪು ಸಿಗುವವರೆಗೆ ಎಳೆ, ಅಲ್ಲಿಂದ ಕಡ್ಡಿ ತೂರಿಸು, ಮುಂದುವರಿ.

ಬೆಳಗಾವಿಯಿಂದ

ಮೇಲೆ ಶಿವಮೊಗ್ಗದ ಅಮ್ಮ ಹೇಳಿದ್ದು ಸಿಂಗಲ್‌ಗೆ ಸರಿ. ಡಬಲ್‌ಗೆ ಹೋದಾಗ, ಅಂದರೆ ಸಿಂಗಲ್ಲಿಗಿಂತ ಉದ್ದನೆಯ ಸ್ಟಿಚ್ಚಿಗೆ ಹೋದಾಗ, ಇನ್ನೊಂದು ಕಡೆ ಎಡವುತ್ತೀರಿ, ಈಗಲೇ ತಿಳಿದಿರಲಿ. ಡಬಲ್‌ಗೆ ನಮ್ಮ ಮನೆಯಲ್ಲಿ ಕಂಬ ಅಂತಾರೆ. ಸಾಲಿನ ಶುರುವಿಗೆ ಹಾಕುವ ಮೂರು ಚೈನೇ ಒಂದು ಕಂಬ. ಹಾಗಾಗಿ ಅದರ ಬುಡದ ಸ್ಟಿಚ್ಚಿನಲ್ಲಿ ಮತ್ತೆ ಹಾಕಬಾರದು, ಹಾಕಿದರೆ ಒಂದು ಹೆಚ್ಚುತ್ತದೆ. ವಾಪಸು ಬರುವಾಗ ಆ ಮೂರು ಚೈನಿನ ತಲೆಯಲ್ಲಿ ಒಂದು ಕಂಬ ಹಾಕಲೇಬೇಕು, ಬಿಟ್ಟರೆ ಒಂದು ಕಡಿಮೆ. ನನ್ನ ಮೊದಲ ಶಾಲು ಒಂದು ಬದಿ ಒಳಗೆ, ಒಂದು ಬದಿ ಹೊರಗೆ ಬಾಗಿದ್ದು ಇದರಿಂದಲೇ.

ಲಂಡನ್ನಿನಿಂದ

ನೀವು ನೋಡುತ್ತಿರುವ ವಿಡಿಯೋ ಅಮೆರಿಕದವರದ್ದೋ ಇಂಗ್ಲೆಂಡಿನವರದ್ದೋ ಅಂತ ಮೊದಲು ನೋಡಿಕೊಳ್ಳಿ. ಎರಡು ದೇಶದಲ್ಲೂ ಹೆಸರು ಒಂದೇ, ಸ್ಟಿಚ್ ಬೇರೆ. ಅಮೆರಿಕದ ಸಿಂಗಲ್ ಇಲ್ಲಿ ಡಬಲ್. ಅಮೆರಿಕದ ಡಬಲ್ ಇಲ್ಲಿ ಟ್ರೆಬಲ್. ಇದು ಗೊತ್ತಿಲ್ಲದೆ ನಾನು ತಂಗಿಯ ಮಗುವಿಗೆ ಹೊದಿಕೆ ಶುರು ಮಾಡಿದೆ. ಪುಸ್ತಕ ಇಲ್ಲಿಯದು, ಕಲಿತ ವಿಡಿಯೋ ಅಮೆರಿಕದ್ದು. ಪುಸ್ತಕ ಡಬಲ್ ಅಂದಲ್ಲೆಲ್ಲ ನಾನು ಉದ್ದನೆಯ ಸ್ಟಿಚ್ ಹಾಕುತ್ತಾ ಹೋದೆ. ಅರ್ಧಕ್ಕೇ ಬೇಕಾದಷ್ಟು ಉದ್ದ ಆಯಿತು, ಅಂಚೂ ಸಡಿಲವಾಯಿತು. ಉಲ್ಲನ್ ಮುಗಿದು ಮತ್ತೆ ತಂದೆ. ಅದೇ ಕಂಪನಿ, ಅದೇ ಬಣ್ಣದ ನಂಬರ್, ಆದರೂ ಪಕ್ಕದಲ್ಲಿಟ್ಟರೆ ಬೇರೆ ಕಂಡಿತು. ಲೇಬಲ್ ಮೇಲೆ ಡೈ ಲಾಟ್ ಅಂತ ಇನ್ನೊಂದು ನಂಬರ್ ಇರುತ್ತದೆ, ಅಂದರೆ ಯಾವ ಸಲದ ಬಣ್ಣದ ಬಾಣಲೆಯಿಂದ ಬಂದದ್ದು ಅಂತ. ದೊಡ್ಡದು ಹಾಕುವಾಗ ಒಂದೇ ಲಾಟಿನ ಉಂಡೆಗಳನ್ನು ಒಟ್ಟಿಗೆ ಕೊಳ್ಳಿ. ಅಂದಹಾಗೆ, ಬರವಣಿಗೆಯಲ್ಲಿ ಸಿಂಗಲ್ ಕ್ರೋಶೆ ಅನ್ನುವ ಮಾತು ಇದ್ದರೆ ಅದು ಅಮೆರಿಕದ ಲೆಕ್ಕ. ಇಲ್ಲಿನವರು ಆ ಹೆಸರು ಬಳಸುವುದಿಲ್ಲ.

ಬೆಂಗಳೂರಿನಿಂದ, ಸೀರೆ ಕುಚ್ಚು ಹಾಕುವವರು

ಅಕ್ಕ, ಕೈನೋವಿನ ಬಗ್ಗೆ ಹೇಳಬೇಕು. ನಾನು ಸೆರಗಿಗೆ ಕ್ರೋಶಾ ಕುಚ್ಚು ಹಾಕುತ್ತೇನೆ. ರೇಷ್ಮೆ ದಾರ, ತೆಳು ಸ್ಟೀಲ್ ಕಡ್ಡಿ, ಸೀರೆಯ ಅಂಚಿಗೇ ಚುಚ್ಚಿ ಎಳೆಯುವುದು, ನಡುವೆ ಮಣಿ. ಒಂದು ಮದುವೆ ಸೀಸನ್ನಿನಲ್ಲಿ ರಾತ್ರಿಯೆಲ್ಲ ಕೂತು ಹಾಕಿದೆ. ಹೆಬ್ಬೆರಳು ಮರಗಟ್ಟಿತು, ತಿಂಗಳುಗಟ್ಟಲೆ ಸರಿಹೋಗಲಿಲ್ಲ. ಆಮೇಲಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಕಡ್ಡಿ ಕೆಳಗಿಡುತ್ತೇನೆ. ನೋವು ಬಂದ ಮೇಲೆ ನಿಲ್ಲಿಸುವುದಲ್ಲ, ಬರುವ ಮೊದಲೇ ನಿಲ್ಲಿಸಬೇಕು.

ಕಡ್ಡಿಯನ್ನು ಪೆನ್ನಿನ ಹಾಗೆ ಹಿಡಿಯಬಹುದು, ಚಾಕುವಿನ ಹಾಗೂ ಹಿಡಿಯಬಹುದು. ಎರಡೂ ಸರಿ. ನಿಮಗೆ ಯಾವುದು ಹಗುರವೋ ಅದು. ದಾರವನ್ನು ಎಡಗೈ ಕಿರುಬೆರಳಿಗೆ ಒಂದು ಸುತ್ತು ಹಾಕಿ ತೋರುಬೆರಳ ಮೇಲೆ ತನ್ನಿ. ಬಿಗಿ ಅಲ್ಲಿಂದ ಬರಬೇಕು, ಹಿಡಿತದಿಂದ ಅಲ್ಲ.

ನಮ್ಮತ್ತೆ ಆಂಧ್ರದ ನರಸಾಪುರದ ಕಡೆಯವರು. ಗೋದಾವರಿ ಸೀಮೆಯ ಆ ಊರುಗಳಲ್ಲಿ ಹೆಂಗಸರು ತಲೆಮಾರುಗಳಿಂದ ಕ್ರೋಶಾ ಲೇಸ್ ಹಾಕುತ್ತಾರೆ, 2024ರಲ್ಲಿ ಆ ಲೇಸಿಗೆ ಜಿಐ ಮಾನ್ಯತೆ, ಅಂದರೆ ಆ ಸೀಮೆಯದೇ ವಿಶಿಷ್ಟ ವಸ್ತು ಅನ್ನುವ ಅಧಿಕೃತ ಗುರುತು, ಸಿಕ್ಕಿತು. ಅಂಥ ಊರಿನಿಂದ ಬಂದ ಅತ್ತೆಯೇ ನನಗೆ ಮೊದಲು ಕೊಟ್ಟದ್ದು ದಪ್ಪ ಉಲ್ಲನ್. ತೆಳು ದಾರ ಆರು ತಿಂಗಳ ಮೇಲೆ ಕೊಟ್ಟರು. ಆ ಕ್ರಮ ಸರಿ ಅಂತ ನಾನೂ ಹುಡುಗಿಯರಿಗೆ ಹಾಗೆಯೇ ಕಲಿಸುತ್ತೇನೆ.

ಉಡುಪಿಯಿಂದ

ನಾನು ಎಡಗೈಯವನು. ವಿಡಿಯೋವನ್ನು ಕನ್ನಡಿಯ ಹಾಗೆ ತಿರುಗಿಸಿ ನೋಡಿದ ಮೇಲೆ ಎಲ್ಲ ಸುಲಭವಾಯಿತು. ಯಾರಾದರೂ ಕಲಿಸುವವರಿದ್ದರೆ ಪಕ್ಕದಲ್ಲಿ ಬೇಡ, ಎದುರು ಕೂರಿಸಿಕೊಳ್ಳಿ.

ಚೌಕ ಕೈಗೆ ಬಂದ ಮೇಲೆ ವೃತ್ತ ಹಾಕಿ. ಸಿಂಗಲ್‌ನಲ್ಲಿ ಮೊದಲ ಸುತ್ತು 6, ಆಮೇಲೆ 12, 18, 24. ಪ್ರತಿ ಸುತ್ತಿಗೂ ಆರೇ ಹೆಚ್ಚಬೇಕು. ಬಟ್ಟಲಿನ ಹಾಗೆ ಮೇಲೆದ್ದರೆ ಹೆಚ್ಚಿಸಿದ್ದು ಸಾಲದು, ಅಂಚು ನೆರಿಗೆ ನೆರಿಗೆಯಾದರೆ ಜಾಸ್ತಿ ಆಯಿತು. ಬಟ್ಟಲಾಗುವುದನ್ನೇ ಬೇಕಂತ ಮಾಡಿದರೆ ಟೋಪಿ. ಮಗಳಿಗೆ ಹಾಗೆಯೇ ಹಾಕಿದೆ. ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿ ಮುಟ್ಟಿಸಬೇಡಿ. ಆ ಟೋಪಿ ಒಂದೇ ಸಲಕ್ಕೆ ಜೋತುಬಿದ್ದು ಹೊಳಪು ಹೊಳಪಾಯಿತು, ಮತ್ತೆ ಮೊದಲಿನ ಹಾಗೆ ಆಗಲಿಲ್ಲ.

ದಾವಣಗೆರೆಯಿಂದ, ಮೂರು ವಾರದ ನಂತರ

ಎಲ್ಲರಿಗೂ ಮನಸಾರೆ ವಂದನೆ. 4.5ರ ಕಡ್ಡಿ, ತಿಳಿ ಹಳದಿ ಉಲ್ಲನ್ ತಂದೆ. ಚೈನಿನೊಳಗೆ ಕಡ್ಡಿ ಆ ದಿನವೇ ಹೋಯಿತು. ಚೌಕವನ್ನು ಹನ್ನೊಂದು ಸಲ ಬಿಚ್ಚಿದೆ. ಹನ್ನೆರಡನೇ ಸಲ 18 ಸಾಲು, ಎಲ್ಲದರಲ್ಲೂ 15. ಎರಡು ಬದಿಯೂ ನೇರ ನಿಂತವು. ಈಗ ಪಿನ್ನು ಇಲ್ಲದೆಯೂ ಕೊನೆಯದು ಕಾಣುತ್ತದೆ.

ನಿನ್ನೆ ಅಮ್ಮನ ತೋರಣ ತೆಗೆದು ಕೂತೆ. ಮೊದಲೆಲ್ಲ ಅದು ಸುಮ್ನೆ ಹೂವು. ನಿನ್ನೆ ಓದಲು ಬಂತು. 6 ಚೈನ್ ಕೂಡಿಸಿ ಉಂಗುರ ಮಾಡಿದ್ದಾರೆ. ಅದರ ಸುತ್ತ ಡಬಲ್, ಮೂರು ಚೈನ್, ಮತ್ತೆ ಡಬಲ್, ಹೀಗೆ ಆರು ಕಿಂಡಿ. ಒಂದೊಂದು ಕಿಂಡಿಯಲ್ಲೂ ಒಂದು ಸಿಂಗಲ್, ಒಂದು ಹಾಫ್ ಡಬಲ್ (ಸಿಂಗಲ್, ಡಬಲ್ ಎರಡರ ನಡುವಿನ ಎತ್ತರದ್ದು), ಮೂರು ಡಬಲ್, ಒಂದು ಹಾಫ್ ಡಬಲ್, ಒಂದು ಸಿಂಗಲ್. ಅದೇ ಎಸಳು. ಇಷ್ಟನ್ನು ಪುಸ್ತಕದಲ್ಲಿ ಬರೆದುಕೊಂಡೆ. ಆದರೆ ಅದರ ಹಿಂದೆ ಇನ್ನೊಂದು ಸುತ್ತು ದೊಡ್ಡ ಎಸಳು ಇವೆ. ಅವು ಎಲ್ಲಿಂದ ಹುಟ್ಟಿವೆ ಅಂತ ಗೊತ್ತಾಗುತ್ತಿಲ್ಲ. ಮುಂಬದಿಯ ಎಸಳಿನ ಯಾವ ವಿ ಒಳಗೂ ಹೋಗಿಲ್ಲ.

ಶಿವಮೊಗ್ಗದಿಂದ

ಓದಿ ತುಂಬಾ ಸಂತೋಷವಾಯಿತು ಮಗಳೇ. ಅದು ಐರಿಷ್ ಗುಲಾಬಿ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ದೊಡ್ಡ ಬರಗಾಲ ಬಂದಾಗ ಅಲ್ಲಿನ ಹೆಂಗಸರು ಕ್ರೋಶಾ ಲೇಸ್ ಹಾಕಿ ಮಾರಿ ಮನೆ ನಡೆಸಿದರು. ಆ ಲೇಸಿನ ಹೂವು ಇದು, ಎಸಳಿನ ಹಿಂದೆ ಎಸಳು.

ಹೂವನ್ನು ಬೋರಲು ಹಾಕು. ಮುಂಬದಿಯ ಎಸಳುಗಳನ್ನು ಮರೆತುಬಿಡು. ಮೊದಲ ಸುತ್ತಿನ ಡಬಲ್‌ಗಳ ಕಾಲು ಹಿಂದಿನಿಂದ ಕಾಣುತ್ತದೆ, ಎರಡು ಎಸಳಿನ ಸಂದಿಗೆ ಒಂದರಂತೆ. ಅಮ್ಮ ಕಡ್ಡಿಯನ್ನು ವಿ ಒಳಗೆ ಹಾಕಿಲ್ಲ. ಆ ಕಾಲಿನ ಸುತ್ತ ಕಡ್ಡಿ ತೂರಿಸಿ ಒಂದು ಸಿಂಗಲ್ ಹಾಕಿ, 5 ಚೈನ್ ಬಿಟ್ಟು, ಮುಂದಿನ ಕಾಲಿಗೆ ಹೋಗಿದ್ದಾರೆ. ಹಾಗೆ ಹಿಂಬದಿಯಲ್ಲಿ ಆರು ಹೊಸ ಕಿಂಡಿ ಆಗುತ್ತವೆ. ದೊಡ್ಡ ಎಸಳು ಅದರೊಳಗೆ. ಅಲ್ಲಿ ಡಬಲ್ ಮೂರಲ್ಲ, ಐದು ಇರಬೇಕು. ಎಣಿಸಿ ಹೇಳು.

ಮೊದಲನೆಯದನ್ನು ನಿನ್ನ ಹಳದಿ ಉಲ್ಲನ್‌ನಲ್ಲೇ ಹಾಕು. ಕೈಗೆ ಬಂದ ಮೇಲೆ ಹತ್ತಿ ದಾರ ತಂದು ಆ ಡಬ್ಬಿ ತೆಗಿ.