ಬೋರ್ ನೀರಿನ ಸುಣ್ಣದಿಂದ ಮಣ್ಣಿನ ಇಂಗಾಲ ಹೆಚ್ಚುತ್ತದಾ?

ಪ್ರಶ್ನೆ: ಮೇಡಂ, ನಮ್ಮದು ಇಂಡಿ ಕಡೆ ಎರೆ ಭೂಮಿ, ಲಿಂಬೆ ತೋಟ. ಬೋರ್ ನೀರು ಬಹಳ ಗಡಸು. ಡ್ರಿಪ್ ತೂತುಗಳೆಲ್ಲ ಕಟ್ಟಿಕೊಳ್ಳುತ್ತವೆ, ಗಿಡದ ಬುಡದಲ್ಲೂ ಬಿಳಿ ಪುಡಿ. ಸುಣ್ಣದಲ್ಲಿ ಇಂಗಾಲ ಇರುತ್ತದೆ, ನಿಮ್ಮ ಹೊಲ ಅದನ್ನು ಹಿಡಿದಿಡುತ್ತಿದೆ, ಮುಂದೆ ಕಾರ್ಬನ್ ಕ್ರೆಡಿಟ್ (ಗಾಳಿಯ ಇಂಗಾಲ ಹಿಡಿದಿಟ್ಟಿದ್ದಕ್ಕೆ ಸಿಗುವ) ದುಡ್ಡು ಬರುತ್ತದೆ ಅಂತ ಒಬ್ಬರು ಹೇಳಿದರು. ಮಣ್ಣು ಪರೀಕ್ಷೆಯಲ್ಲಿ ಮಾತ್ರ ಸಾವಯವ ಇಂಗಾಲ ಶೇಕಡಾ 0.4 ಅಂತ ಬಂದಿದೆ. ಯಾವುದನ್ನು ನಂಬಲಿ?

ಉತ್ತರ (ಮಣ್ಣು ವಿಜ್ಞಾನಿ): ಪರೀಕ್ಷೆಯನ್ನೇ ನಂಬಿ. ಅದರಲ್ಲಿ ಸುಣ್ಣದ ಇಂಗಾಲ ಲೆಕ್ಕಕ್ಕೇ ಬರುವುದಿಲ್ಲ. ಬೇರು, ಎಲೆ, ಗೊಬ್ಬರದಿಂದ ಬಂದದ್ದು ಮಾತ್ರ ಬರುತ್ತದೆ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತಲೇ ಅರ್ಥ.

ಮೊದಲು ಆ ಪುಡಿಯ ಮೇಲೆ ನಿಮ್ಮ ತೋಟದ್ದೇ ಲಿಂಬೆ ಹಿಂಡಿ ನೋಡಿ. ನೊರೆ ಬರದಿದ್ದರೆ ಅದು ಸುಣ್ಣವಲ್ಲ, ಬೇರೆ ಉಪ್ಪು.

ಸುಣ್ಣವೇ ಆಗಿದ್ದರೂ ಖುಷಿಪಡುವಂಥದ್ದೇನಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ ಜೊತೆ ಬೈಕಾರ್ಬನೇಟ್ ಅನ್ನೋ ಇಂಗಾಲವಿರುವ ಅಂಶ ಕರಗಿರುತ್ತದೆ. ನೀರು ಆರಿದಾಗ ಅದರಲ್ಲಿದ್ದ ಇಂಗಾಲದ ಅರ್ಧ ಸುಣ್ಣವಾಗಿ ಕೂರುತ್ತದೆ, ಇನ್ನರ್ಧ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಒಂದು ಲೆಕ್ಕ ಹಾಕೋಣ. ಲೀಟರಿಗೆ 300 ಮಿಲಿಗ್ರಾಂ ಬೈಕಾರ್ಬನೇಟ್ ಇರುವ ನೀರನ್ನು ಎಕರೆಗೆ 20 ಲಕ್ಷ ಲೀಟರ್ ಕೊಟ್ಟರೆ 600 ಕಿಲೋ ಬೈಕಾರ್ಬನೇಟ್ ಹೊಲಕ್ಕೆ ಬಂದ ಹಾಗೆ. ಅಷ್ಟೂ ಸುಣ್ಣವಾದರೆ ಸುಮಾರು 490 ಕಿಲೋ ಸುಣ್ಣ, 215 ಕಿಲೋದಷ್ಟು ಅನಿಲ. ಹೊಲ ಗಾಳಿಯಿಂದ ಹೊಸದಾಗಿ ಏನನ್ನೂ ಹಿಡಿಯಲಿಲ್ಲ. ನೆಲದಡಿಯ ನೀರಿನಲ್ಲಿದ್ದದ್ದನ್ನು ಮೇಲೆತ್ತಿ ಅರ್ಧ ಬಿಟ್ಟುಕೊಟ್ಟಿತು, ಅಷ್ಟೇ. ಇದನ್ನು ತೋರಿಸಿ ಯಾರಾದರೂ ಕ್ರೆಡಿಟ್ ಕಾಗದಕ್ಕೆ ಸಹಿ ಕೇಳಿದರೆ ಹಾಕಬೇಡಿ.

ಪ್ರಶ್ನೆ: ಹಾಗಾದರೆ ಗಡಸು ನೀರು ಕೆಟ್ಟದ್ದಾ?

ಉತ್ತರ: ಡ್ರಿಪ್‌ಗೆ ಕೆಟ್ಟದ್ದು. ಮಣ್ಣಿಗೆ ಅಷ್ಟೊಂದಲ್ಲ. ಕ್ಯಾಲ್ಸಿಯಂ ಜೇಡಿಯನ್ನೂ ಕೊಳೆತ ಸಾರವನ್ನೂ ಅಂಟಿಸಿ ಹಿಡಿಯುತ್ತದೆ, ಸಾವಯವ ಇಂಗಾಲ ಬೇಗ ಕಳೆದುಹೋಗುವುದಿಲ್ಲ. ನಿಜವಾಗಿ ಹೆದರಬೇಕಾದ್ದು ಸೋಡಿಯಂಗೆ. ಅದು ಜಾಸ್ತಿಯಾದರೆ ಹೆಂಟೆ ಒಡೆದು ಮಣ್ಣು ಕೆಸರಿನಂತಾಗುತ್ತದೆ, ಒಣಗಿದರೆ ಕಲ್ಲು. ಆಮೇಲೆ ಬೇರು ಇಳಿಯುವುದಿಲ್ಲ. ಬೇರೇ ಇಲ್ಲದಿದ್ದರೆ ಇಂಗಾಲ ಎಲ್ಲಿಂದ ಬರಬೇಕು? ಅಂಥ ಸವಳಿನಲ್ಲಿ ಇದ್ದಬದ್ದ ಸಾವಯವ ಅಂಶವೂ ಕರಗಿ ಕಪ್ಪಗೆ ಮೇಲೆ ಬರುತ್ತದೆ.

ಪ್ರಶ್ನೆ: ನಾವು ಸಿಂಧನೂರಿನವರು, ಕಾಲುವೆ ನೀರು, ಎರಡೂ ಬೆಳೆ ಭತ್ತ. ನಮಗೆ?

ಉತ್ತರ: ನಿಮ್ಮ ಕಥೆ ಬೇರೆ ಅಣ್ಣಾ. ನಿಂತ ನೀರಲ್ಲಿ ಗಾಳಿ ಆಡುವುದಿಲ್ಲ, ಕೊಳೆಯುವುದು ನಿಧಾನ, ಇಂಗಾಲ ಉಳಿಯುತ್ತದೆ. ಆದರೆ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಹೊರಡುತ್ತದೆ. ನಿಮ್ಮ ತುಂಗಭದ್ರಾ ಅಚ್ಚುಕಟ್ಟಿನ ದೊಡ್ಡ ತೊಂದರೆ ಕಾಲುವೆ ನೀರಿನ ಗುಣದ್ದಲ್ಲ. ನೆಲದಡಿಯ ನೀರು ಏರಿ ಉಪ್ಪನ್ನು ಮೇಲೆ ತರುವುದು. ಬಸಿಗಾಲುವೆ ಸರಿಯಿಲ್ಲದೆ ಎಷ್ಟು ಗೊಬ್ಬರ ಹಾಕಿದರೂ ಅಷ್ಟಕ್ಕಷ್ಟೇ.

ಪ್ರಶ್ನೆ (ಇಂಡಿಯವರು): ಲಿಂಬೆ ಸಾಲುಗಳ ನಡುವೆ ಏನು ಹಾಕಲಿ ಮೇಡಂ?

ಉತ್ತರ: ಮಳೆಗಾಲದಲ್ಲಿ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಕತ್ತರಿಸಿ ಅಲ್ಲೇ ಹಾಸಿ. ಬೇರು ಒಳಗೇ ಇರಲಿ, ಕೀಳಬೇಡಿ. ಮೇಲೆ ಹಾಕಿದ್ದಕ್ಕಿಂತ ಬೇರಿನಿಂದ ಬಂದ ಇಂಗಾಲ ಹೆಚ್ಚು ಕಾಲ ನಿಲ್ಲುತ್ತದೆ. ಸವರಿದ ಕೊಂಬೆ ಸುಡಬೇಡಿ. ಜಿಪ್ಸಂ ಮಾತ್ರ ಸುಮ್ನೆ ಸುರಿಯಬೇಡಿ, ಸೋಡಿಯಂ ಇದ್ದರಷ್ಟೇ ಅದರ ಕೆಲಸ. ಬೋರ್ ಹತ್ತು ನಿಮಿಷ ಓಡಿಸಿ, ತೊಳೆದ ಬಾಟಲಿಯಲ್ಲಿ ಕಂಠದವರೆಗೆ ನೀರು ತುಂಬಿ ಲ್ಯಾಬ್‌ಗೆ ಕೊಡಿ. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ನಾಲ್ಕೂ ಬೇಕು ಅಂತ ಹೇಳಿ. ಬರೀ ಪಿಎಚ್ ಬರೆದುಕೊಟ್ಟರೆ ಪ್ರಯೋಜನವಿಲ್ಲ.