ಅಪ್‌ಡೇಟ್: ಜಿಆರ್‌ಇ ಟನಲ್ ಈಗ ಸರಿಯಾಗಿ ಓಡುತ್ತಿದೆ

ಮೈಸೂರಿನ ಆಫೀಸು ಮತ್ತು ಹಾಸನದ ಗೋಡೌನ್ ರೌಟರ್‌ಗಳ ನಡುವೆ ಜಿಆರ್‌ಇ ಟನಲ್ (ಇಂಟರ್ನೆಟ್ ಮೇಲೆ ಎರಡು ನೆಟ್‌ವರ್ಕ್‌ಗಳನ್ನು ಜೋಡಿಸುವ ದಾರಿ) ಹಾಕಿದ್ದೇವೆ, ಪಿಂಗ್ (ಸಂಪರ್ಕ ಪರೀಕ್ಷಿಸುವ ಸಂದೇಶ) ಹೋಗುತ್ತದೆ, ಆದರೆ ಬಿಲ್ಲಿಂಗ್ ಪೇಜ್ ಅರ್ಧಕ್ಕೇ ನಿಲ್ಲುತ್ತದೆ ಅಂತ ಕೇಳಿದ್ದೆ. ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ) ನೋಡಿ ಅಂದವರ ಮಾತೇ ನಿಜವಾಯಿತು.

ಗೋಡೌನ್‌ನ ಲೈನ್ ಪಿಪಿಪಿಒಇ (ಲಾಗಿನ್ ಆಗಿ ಬಳಸುವ ಬ್ರಾಡ್‌ಬ್ಯಾಂಡ್ ವಿಧಾನ). ಅದರಲ್ಲಿ ಮಾಮೂಲಿನ 1500 ಅಲ್ಲ, 1492 ಬೈಟ್ ಮಾತ್ರ ಹಿಡಿಯುತ್ತದೆ. ಜಿಆರ್‌ಇ ಹೆಡರ್ (ಪ್ಯಾಕೆಟ್‌ನ ಮುಂದೆ ಸೇರುವ ಮಾಹಿತಿ) ಮತ್ತು ಹೊರಗಿನ ಐಪಿ ಹೆಡರ್ ಸೇರಿ 24 ಬೈಟ್ ತಿನ್ನುತ್ತವೆ. ಉಳಿಯುವುದು 1468. ಟನಲ್ ಮಾತ್ರ 1500ರ ಲೆಕ್ಕದ 1476ರಲ್ಲೇ ಇತ್ತು. ಪಿಂಗ್ ಪ್ಯಾಕೆಟ್ ಚಿಕ್ಕದು, ಆರಾಮಾಗಿ ದಾಟುತ್ತಿತ್ತು. ದೊಡ್ಡ ಪ್ಯಾಕೆಟ್ ದಾಟುತ್ತಿರಲಿಲ್ಲ. ಮಧ್ಯೆ ಐಸಿಎಂಪಿ (ಇಂಥ ತೊಂದರೆ ತಿಳಿಸುವ ಸಂದೇಶಗಳು) ಬ್ಲಾಕ್ ಆಗಿದ್ದರಿಂದ ಕಳಿಸುವ ಕಂಪ್ಯೂಟರಿಗೆ ಅದು ತಿಳಿಯುತ್ತಲೂ ಇರಲಿಲ್ಲ. ಐಸಿಎಂಪಿಯನ್ನು ಪೂರ್ತಿ ಮುಚ್ಚುವುದು ಒಳ್ಳೆಯ ಅಭ್ಯಾಸ ಅಲ್ಲವೇ ಅಲ್ಲ.

ಎರಡೂ ಕಡೆ ಟನಲ್ ಎಂಟಿಯು 1468, ಟಿಸಿಪಿ ಎಂಎಸ್‌ಎಸ್ (ಹೆಡರ್ ಬಿಟ್ಟು ಒಂದು ಪ್ಯಾಕೆಟ್‌ನಲ್ಲಿ ಹೋಗುವ ಡೇಟಾದ ಮಿತಿ) 1428 ಮಾಡಿದೆವು. ವಿಂಡೋಸ್‌ನಲ್ಲಿ ತುಂಡು ಮಾಡಬೇಡ ಅನ್ನುವ ಆಯ್ಕೆ ಹಾಕಿ ಪಿಂಗ್ ಮಾಡಿದರೆ 1440 ಹೋಗುತ್ತದೆ, 1441 ಹೋಗುವುದಿಲ್ಲ. ಲೆಕ್ಕ ಸರಿಯಾಗಿದೆ, ಅಲ್ವಾ? ಪಿಂಗ್‌ನ ಹೆಡರ್‌ಗಳೇ 28 ಬೈಟ್.

ಬಿಲ್ಲಿಂಗ್ ಪೇಜ್ ಈಗ ತಕ್ಷಣ ತೆರೆಯುತ್ತದೆ. ಆದರೆ ಜಿಆರ್‌ಇ ಯಾವುದನ್ನೂ ಎನ್‌ಕ್ರಿಪ್ಟ್ (ಬೇರೆಯವರು ಓದಲಾಗದಂತೆ) ಮಾಡುವುದಿಲ್ಲ, ಹಾಗಾಗಿ ಮುಂದೆ ಅದನ್ನು ಮಾಡುವ ಐಪಿಸೆಕ್ ಸೇರಿಸುತ್ತೇವೆ. ಆಗ ಇನ್ನಷ್ಟು ಬೈಟ್ ಬೇಕು, ಎಂಟಿಯು 1400, ಎಂಎಸ್‌ಎಸ್ 1360ಕ್ಕೆ ಇಳಿಸಬೇಕೆಂದಿದ್ದೇವೆ. ಸಹಾಯ ಮಾಡಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.