ಸಂವಿಧಾನದ ಆ ವಾಕ್ಯ ಬದಲಾಗಲಿಲ್ಲ. ಅಮೆರಿಕದ ಒಕ್ಕೂಟ ಸರ್ಕಾರದ ಆರ್ಥಿಕ ಅಧಿಕಾರ ಮಾತ್ರ ಇಷ್ಟು ಬೆಳೆದದ್ದು ಹೇಗೆ?

ಪ್ರಶ್ನೆ

ಅಮೆರಿಕದ ಸಂವಿಧಾನದಲ್ಲಿ ನಮ್ಮ ಏಳನೇ ಅನುಸೂಚಿಯಂತೆ ಕೇಂದ್ರ, ರಾಜ್ಯ, ಸಮವರ್ತಿ ಎಂಬ ಮೂರು ಪಟ್ಟಿಗಳಿಲ್ಲ. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಅಧಿಕಾರಗಳನ್ನು ಮುಖ್ಯವಾಗಿ ಮೊದಲನೇ ವಿಧಿಯ ಎಂಟನೇ ಸೆಕ್ಷನ್ ಪಟ್ಟಿ ಮಾಡುತ್ತದೆ. ಒಕ್ಕೂಟಕ್ಕೆ ಕೊಡದೆ ಉಳಿದದ್ದು ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದ್ದೆಂದು ಹತ್ತನೇ ತಿದ್ದುಪಡಿ ಹೇಳುತ್ತದೆ. ಆ ಪಟ್ಟಿಯಲ್ಲಿ ಕೃಷಿ, ಕಾರ್ಖಾನೆ, ಕೂಲಿ, ವೃದ್ಧಾಪ್ಯ ಪಿಂಚಣಿ ಯಾವುದರ ಹೆಸರೂ ಇಲ್ಲ. ಆದರೂ 1942ರ ಹೊತ್ತಿಗೆ ಓಹಾಯೋದ ರಾಸ್ಕೋ ಫಿಲ್ಬರ್ನ್ ಎಂಬ ರೈತ ತನ್ನ ಹೊಲದಲ್ಲಿ ಬೆಳೆದು ಬಹುಪಾಲು ತನ್ನ ದನ-ಕೋಳಿಗಳಿಗೂ ಮನೆಯ ಹಿಟ್ಟಿಗೂ ಬೀಜಕ್ಕೂ ಬಳಸಲಿದ್ದ ಗೋಧಿಗೆ ವಾಷಿಂಗ್ಟನ್ ದಂಡ ಹಾಕಿದ್ದನ್ನು ಸುಪ್ರೀಂ ಕೋರ್ಟ್ ಒಮ್ಮತದಿಂದ ಎತ್ತಿಹಿಡಿಯಿತು. ‘ರಾಜ್ಯಗಳ ನಡುವಿನ ವಾಣಿಜ್ಯವನ್ನು ನಿಯಂತ್ರಿಸುವುದು’ ಎಂಬ ವಾಕ್ಯದ ಒಂದಕ್ಷರವೂ ಬದಲಾಗದಿರುವಾಗ ಅದರ ಅರ್ಥ ಇಷ್ಟು ದೂರ ಹೇಗೆ ಚಾಚಿಕೊಂಡಿತು? ಸ್ನಾತಕೋತ್ತರ ಪರೀಕ್ಷೆಗೆ ಓದುತ್ತಿದ್ದೇನೆ. ಇಸವಿಗಳು ನೆನಪಿವೆ, ಆದರೆ ಕಾರಣಗಳ ಎಳೆ ಸಿಗುತ್ತಿಲ್ಲ.

ಉತ್ತರ 1

ನೀವು ಕೊನೆಯಿಂದ ನೋಡುತ್ತಿರುವುದರಿಂದ ಎಳೆ ತಪ್ಪುತ್ತಿದೆ ಎಂದು ನನಗನ್ನಿಸುತ್ತದೆ. ರೈಲಿನಿಂದ ಆರಂಭಿಸಿ. 1870ರ ದಶಕದಲ್ಲಿ ಧಾನ್ಯ ಬೆಳೆಯುವ ರಾಜ್ಯಗಳ ರೈತರು ರೈಲು ಕಂಪನಿಗಳ ಸಾಗಣೆ ದರದಿಂದಲೂ ಉಗ್ರಾಣಗಳ ಬಾಡಿಗೆಯಿಂದಲೂ ಬೇಸತ್ತಿದ್ದರು. ಇಲಿನಾಯ್ಸ್‌ನಂಥ ರಾಜ್ಯಗಳು ತಾವೇ ಗರಿಷ್ಠ ದರ ನಿಗದಿ ಮಾಡಿದವು, 1877ರಲ್ಲಿ ನ್ಯಾಯಾಲಯ ಅದನ್ನು ಒಪ್ಪಿತು. ಆದರೆ 1886ರಲ್ಲಿ ಅದೇ ನ್ಯಾಯಾಲಯ, ಒಂದು ರಾಜ್ಯದಲ್ಲಿ ಹೊರಟು ಇನ್ನೊಂದರಲ್ಲಿ ಮುಗಿಯುವ ಪ್ರಯಾಣದ ದರವನ್ನು ಯಾವ ರಾಜ್ಯವೂ ಕಟ್ಟುವಂತಿಲ್ಲ ಎಂದಿತು. ರಾಜ್ಯಗಳ ಕೈಯಿಂದ ಹೋದ ಅಧಿಕಾರ ಯಾರ ಕೈಗೂ ಬಂದಿರಲಿಲ್ಲ. ಆ ಖಾಲಿ ಜಾಗವನ್ನು ತುಂಬಲು ಮರುವರ್ಷವೇ, 1887ರಲ್ಲಿ, ಅಂತರರಾಜ್ಯ ವಾಣಿಜ್ಯ ಆಯೋಗ ಹುಟ್ಟಿತು. ಮೊದಲ ದೊಡ್ಡ ಹೆಜ್ಜೆ ರಾಜ್ಯಗಳಿಂದ ಕಸಿದುಕೊಂಡದ್ದಲ್ಲ ಎಂಬುದನ್ನು ಪಠ್ಯಪುಸ್ತಕಗಳು ಇನ್ನೂ ಗಟ್ಟಿಯಾಗಿ ಹೇಳಬೇಕು.

ಅನಂತರದ ಸುಮಾರು ಐವತ್ತು ವರ್ಷ ನ್ಯಾಯಾಲಯ ಉತ್ಪಾದನೆಯೇ ಬೇರೆ, ವಾಣಿಜ್ಯವೇ ಬೇರೆ ಎಂಬ ಗೆರೆಯನ್ನು ಕಾಯಲು ಶ್ರಮಿಸಿತು. ದೇಶದ ಸಕ್ಕರೆ ಸಂಸ್ಕರಣೆಯ ಬಹುತೇಕ ಎಲ್ಲವನ್ನೂ ಹಿಡಿದಿದ್ದ ಕೂಟದ ಮೇಲಿನ ಮೊಕದ್ದಮೆ 1895ರಲ್ಲಿ ಬಿದ್ದುಹೋದದ್ದೂ, ಬಾಲಕಾರ್ಮಿಕರು ದುಡಿದ ಕಾರ್ಖಾನೆಗಳ ಸರಕನ್ನು ರಾಜ್ಯದ ಗಡಿ ದಾಟದಂತೆ ತಡೆಯುವ ಕಾಯಿದೆ 1918ರಲ್ಲಿ ರದ್ದಾದದ್ದೂ ಈ ಗೆರೆಯ ಫಲ. ಮಹಾ ಆರ್ಥಿಕ ಕುಸಿತದಲ್ಲಿ, 1933ರ ಹೊತ್ತಿಗೆ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಆಗ ಅಧ್ಯಕ್ಷ ರೂಸ್‌ವೆಲ್ಟ್ ತಂದ ಕೈಗಾರಿಕಾ ಪುನಶ್ಚೇತನ ಕಾಯಿದೆ 1935ರಲ್ಲಿ ಬ್ರೂಕ್ಲಿನ್‌ನ ಕೋಳಿ ವ್ಯಾಪಾರಿಗಳ ಮೊಕದ್ದಮೆಯಲ್ಲಿ ಉರುಳಿತು. ಗೆರೆ ಮುರಿದದ್ದು 1937ರ ಏಪ್ರಿಲ್ 12ರಂದು, ಜೋನ್ಸ್ ಅಂಡ್ ಲಾಫ್ಲಿನ್ ಉಕ್ಕಿನ ಕಂಪನಿಯ ಪ್ರಕರಣದಲ್ಲಿ, ನಾಲ್ವರ ವಿರುದ್ಧ ಐವರ ತೀರ್ಪಿನಿಂದ. ಅದಿರು ಮಿಷಿಗನ್ ಮತ್ತು ಮಿನೆಸೊಟಾದಿಂದ ಬಂದು, ಪೆನ್ಸಿಲ್ವೇನಿಯಾದಲ್ಲಿ ಕರಗಿ, ದೇಶವೆಲ್ಲ ಹರಡುವ ಉದ್ಯಮದಲ್ಲಿ ಕಾರ್ಮಿಕರು ಕೆಲಸ ನಿಲ್ಲಿಸಿದರೆ ಅದು ಸ್ಥಳೀಯ ವಿಷಯವೆನ್ನುವುದು ಹೇಗೆ ಎಂಬುದೇ ಅಲ್ಲಿನ ವಾದದ ತಿರುಳು. ನನ್ನ ದೃಷ್ಟಿಯಲ್ಲಿ ವಾಕ್ಯದ ಅರ್ಥಕ್ಕಿಂತ ಮೊದಲು ಹಿಗ್ಗಿದ್ದು ಮಾರುಕಟ್ಟೆ.

ಉತ್ತರ 2

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಅದು ಕಥೆಯ ಅರ್ಧ ಮಾತ್ರ. ಸಂವಿಧಾನ ಒಂದು ಕಡೆ ನಿಜವಾಗಿಯೂ ಬದಲಾಯಿತು, ಮತ್ತು ಅದು ತೆರಿಗೆಯ ಕಡೆ. ನೇರ ತೆರಿಗೆಯನ್ನು ರಾಜ್ಯಗಳ ಜನಸಂಖ್ಯೆಗೆ ತಕ್ಕಂತೆ ಹಂಚಬೇಕೆಂಬ ನಿಯಮವನ್ನು ಮುಂದಿಟ್ಟು 1895ರಲ್ಲಿ ನ್ಯಾಯಾಲಯ ಆದಾಯ ತೆರಿಗೆಯನ್ನು ರದ್ದುಮಾಡಿತ್ತು. 1913ರ ಹದಿನಾರನೇ ತಿದ್ದುಪಡಿ ಆ ತಡೆಯನ್ನು ತೆಗೆಯಿತು. ಆ ವರ್ಷ ಆರಂಭದ ದರ ಶೇಕಡಾ 1, ಅತಿ ಶ್ರೀಮಂತರಿಗೂ ಶೇಕಡಾ 7. ಐದೇ ವರ್ಷಗಳಲ್ಲಿ, ಮೊದಲ ಮಹಾಯುದ್ಧದ ಖರ್ಚಿಗಾಗಿ, ಗರಿಷ್ಠ ದರ 77ಕ್ಕೆ ಏರಿತು. 1943ರಲ್ಲಿ ಸಂಬಳ ಕೈಸೇರುವ ಮೊದಲೇ ತೆರಿಗೆ ಕಡಿತಗೊಳ್ಳುವ ವ್ಯವಸ್ಥೆ ಬಂದಾಗ, ಹಿಂದೆ ಕೆಲವರಷ್ಟೇ ಕಟ್ಟುತ್ತಿದ್ದ ತೆರಿಗೆ ಸಾಮಾನ್ಯ ದುಡಿಮೆಗಾರನ ತೆರಿಗೆಯಾಯಿತು. 1929ರಲ್ಲಿ ಒಕ್ಕೂಟ ಸರ್ಕಾರದ ಖರ್ಚು ದೇಶದ ಒಟ್ಟು ಉತ್ಪನ್ನದ ಶೇಕಡಾ 3ರ ಆಸುಪಾಸಿನಲ್ಲಿತ್ತು, ಈಚಿನ ವರ್ಷಗಳಲ್ಲಿ 20ನ್ನು ಮೀರಿದೆ.

ಹಣ ಕೈಗೆ ಬಂದ ಮೇಲೆ ಆಜ್ಞೆ ಮಾಡುವ ಅಗತ್ಯವೇ ಕಡಿಮೆಯಾಗುತ್ತದೆ. ಮದ್ಯ ಖರೀದಿಯ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿ ಅನುದಾನದ ಒಂದು ಭಾಗವನ್ನು ತಡೆಹಿಡಿಯುವ ಕಾಯಿದೆ 1984ರಲ್ಲಿ ಬಂತು; 1987ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ವಾಣಿಜ್ಯದ ವಾಕ್ಯವನ್ನು ಎಷ್ಟೇ ಕಿರಿದಾಗಿ ಓದಿದರೂ ಈ ದಾರಿ ತೆರೆದೇ ಇರುತ್ತದೆ ಎಂಬುದು ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ.

ಉತ್ತರ 3

ಪರೀಕ್ಷೆಯಲ್ಲಿ ಉಪಯೋಗಕ್ಕೆ ಬರುವ ಒಂದು ಎಚ್ಚರಿಕೆ. ಎಪ್ಪತ್ತು ದಾಟಿದ ನ್ಯಾಯಾಧೀಶರಿಗೆ ಪ್ರತಿಯಾಗಿ ಆರು ಜನರವರೆಗೆ ಹೊಸಬರನ್ನು ಸೇರಿಸುವ ಯೋಜನೆಯನ್ನು ರೂಸ್‌ವೆಲ್ಟ್ 1937ರ ಫೆಬ್ರವರಿಯಲ್ಲಿ ಪ್ರಕಟಿಸಿದ್ದರಿಂದಲೇ ನ್ಯಾಯಾಲಯ ಮಣಿಯಿತು ಎಂದು ಸುಲಭವಾಗಿ ಬರೆಯಬೇಡಿ. ಅದೇ ವಸಂತದಲ್ಲಿ ಹೊರಬಂದ ಕನಿಷ್ಠ ಕೂಲಿಯ ತೀರ್ಪಿನಲ್ಲಿ ನ್ಯಾಯಮೂರ್ತಿ ಓವೆನ್ ರಾಬರ್ಟ್ಸ್ ತಮ್ಮ ಮತವನ್ನು 1936ರ ಡಿಸೆಂಬರ್‌ನಲ್ಲೇ, ಯೋಜನೆ ಹೊರಬೀಳುವ ಮುನ್ನವೇ, ಕೊಟ್ಟಾಗಿತ್ತು. ಇನ್ನೊಂದು ವಿಷಯ: ಹಿಗ್ಗುವಿಕೆಗೆ ಕೊನೆಯೇ ಇಲ್ಲ ಎನ್ನುವಂತಿಲ್ಲ. 1952ರಲ್ಲಿ ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡದ್ದನ್ನು ನ್ಯಾಯಾಲಯ ತಡೆಯಿತು, 1995ರಲ್ಲಿ ಶಾಲೆಗಳ ಬಳಿ ಬಂದೂಕು ನಿಷೇಧಿಸಿದ ಕಾಯಿದೆ ವಾಣಿಜ್ಯಾಧಿಕಾರದೊಳಗೆ ಬರುವುದಿಲ್ಲವೆಂದಿತು. 2012ರಲ್ಲಿ ಆರೋಗ್ಯ ವಿಮೆಯ ಕಡ್ಡಾಯವನ್ನು ವಾಣಿಜ್ಯದ ಹೆಸರಿನಲ್ಲಿ ಒಪ್ಪದೆ ತೆರಿಗೆಯೆಂದು ಉಳಿಸಿತು. ಉತ್ತರ 2ರ ಆತಂಕಕ್ಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ರೈಲಿನ ಎಳೆ ಹಿಡಿದ ಮೇಲೆ ಉಕ್ಕಿನ ತೀರ್ಪು ಅರ್ಥವಾಯಿತು. ಆದರೆ ಫಿಲ್ಬರ್ನ್ ವಿಷಯದಲ್ಲಿ ಮನಸ್ಸು ಇನ್ನೂ ಒಪ್ಪುತ್ತಿಲ್ಲ. ಒಬ್ಬ ರೈತನ ಹಟ್ಟಿಯ ಮೇವು ದೇಶದ ವಾಣಿಜ್ಯವಾಗುವುದು ಹೇಗೆ?

ಉತ್ತರ 1 ಬರೆದವರು

ಒಪ್ಪದಿರುವುದರಲ್ಲಿ ತಪ್ಪಿಲ್ಲ, ಆ ತೀರ್ಪು ಬೇಕಿದ್ದಕ್ಕಿಂತ ಮುಂದೆ ಹೋಯಿತೆಂದೇ ನಾನೂ ಭಾವಿಸುತ್ತೇನೆ. ಆದರೂ ಅದರ ಲೆಕ್ಕವನ್ನು ನೋಡಿ. ಗೋಧಿ ಬಿತ್ತಲು ಸರ್ಕಾರ ಆತನಿಗೆ ನಿಗದಿ ಮಾಡಿದ್ದ ಮಿತಿ 11.1 ಎಕರೆ, ಬಿತ್ತಿದ್ದು 23. ಹೆಚ್ಚಾದ 239 ಬುಷೆಲ್‌ಗೆ (ಬುಷೆಲ್ ಧಾನ್ಯದ ಒಂದು ಅಳತೆ) ಬುಷೆಲ್ಲೊಂದಕ್ಕೆ 49 ಸೆಂಟ್‌ನಂತೆ ದಂಡ ಬಿತ್ತು. ಒಬ್ಬನ 239 ಬುಷೆಲ್ ಏನೂ ಅಲ್ಲ, ಆದರೆ ಮನೆಬಳಕೆಗೆ ಬೆಳೆಯುವ ಎಲ್ಲರದನ್ನೂ ಕೂಡಿಸಿದರೆ ಅಷ್ಟು ಗೋಧಿಗೆ ಸಂತೆಯಲ್ಲಿ ಗಿರಾಕಿ ಇಲ್ಲವಾಗುತ್ತದೆ ಎಂಬುದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಅವರ ತರ್ಕ. ಈ ಮಿತಿಯನ್ನು ವಾಷಿಂಗ್ಟನ್ ಒಂದೇ ಹೇರಿರಲೂ ಇಲ್ಲ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳೆಗಾರರು ವಿರೋಧಿಸಿದ್ದರೆ ಅದು ಬಿದ್ದುಹೋಗುತ್ತಿತ್ತು; 1941ರ ಮೇ ತಿಂಗಳಲ್ಲಿ ಮತ ಹಾಕಿದವರಲ್ಲಿ ಶೇಕಡಾ 81ರಷ್ಟು ಜನ ಒಪ್ಪಿದ್ದರು. ಈ ವ್ಯವಸ್ಥೆಯಿಂದಾಗಿ ಆ ವರ್ಷ ಅಮೆರಿಕದ ರೈತನಿಗೆ ಬುಷೆಲ್ಲಿಗೆ ಸುಮಾರು 1.16 ಡಾಲರ್ ಸಿಗುತ್ತಿದ್ದಾಗ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ 40 ಸೆಂಟ್ ಇತ್ತೆಂದು ತೀರ್ಪಿನಲ್ಲೇ ಇದೆ. ಆ ಹೆಚ್ಚುವರಿ ಬೆಲೆ ಸಿಗುತ್ತಿದ್ದ ಗುಂಪಿನಲ್ಲಿ ಫಿಲ್ಬರ್ನ್ ಕೂಡ ಇದ್ದ.